ಮನೆ, ಅಂಗಡಿಗಳಲ್ಲಿ ಪೆಟ್ರೋಲ್ ದಾಸ್ತಾನು: ಕಾಯಿದೆಯ ಮಿತಿ ಮತ್ತು ವಿಮೆಯ ಪ್ರಶ್ನೆ

2024ರ ಜನವರಿ ಆರಂಭದಲ್ಲಿ ಲಾರಿ ಹಾಗೂ ಟ್ಯಾಂಕರ್ ಚಾಲಕರು ಮುಷ್ಕರ ಹೂಡಿದಾಗ ಹೈದರಾಬಾದ್ ಸೇರಿದಂತೆ ಹಲವು ನಗರಗಳ ಪೆಟ್ರೋಲ್ ಬಂಕುಗಳ ಮುಂದೆ ವಾಹನಗಳ ಸಾಲು ಬೆಳೆಯಿತು. ಅದೇ ವರ್ಷದ ಜೂನ್ 15ರಂದು ಕರ್ನಾಟಕ ಸರ್ಕಾರವು ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೆ ಏರಿಸಿತು. ಡೀಸೆಲ್ ತೆರಿಗೆಯೂ ಏರಿ, ಎರಡೂ ಇಂಧನಗಳ ಬೆಲೆ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಇಂತಹ ಸಂದರ್ಭಗಳಲ್ಲಿ ನಾಲ್ಕಾರು ಕ್ಯಾನು ತುಂಬಿಸಿಡುವ ಯೋಚನೆ ವರ್ತಕರಿಗೆ ಬರುವುದು ಸಹಜವೇ. ಬೆಲೆ ಏರುವ ಮುನ್ನ ಸರಕು ತುಂಬಿಕೊಳ್ಳುವುದು ವ್ಯಾಪಾರದ ಹಳೆಯ ರೂಢಿ. ಆದರೆ ಪೆಟ್ರೋಲಿಗೆ ಈ ರೂಢಿ ಒಗ್ಗುವುದಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. 30 ಲೀಟರ್ ಪೆಟ್ರೋಲ್ ಮೊದಲೇ ಖರೀದಿಸಿಟ್ಟವರಿಗೆ ಆ ಜೂನ್ ತಿಂಗಳಲ್ಲಿ ಉಳಿದದ್ದು ಸುಮಾರು 90 ರೂಪಾಯಿ. 200 ಲೀಟರಿನ ಒಂದು ಡ್ರಮ್ ಡೀಸೆಲ್ ಇಟ್ಟವರಿಗೆ ಸುಮಾರು 600 ರೂಪಾಯಿ. ಲೀಟರಿಗೆ 90 ರೂಪಾಯಿಯಂತೆ ಹಿಡಿದರೂ ಆ ಡ್ರಮ್ಮಿನಲ್ಲಿ 18,000 ರೂಪಾಯಿ ಬಂಡವಾಳ ಕಟ್ಟಿಬಿದ್ದಿರುತ್ತದೆ. ಪೆಟ್ರೋಲ್, ಡೀಸೆಲ್‌ಗಳು ಜಿಎಸ್‌ಟಿ ವ್ಯಾಪ್ತಿಯ ಹೊರಗಿರುವುದರಿಂದ ಅವುಗಳ ಮೇಲೆ ತೆತ್ತ ತೆರಿಗೆಯ ಹುಟ್ಟುವಳಿಯೂ ದೊರೆಯದು. ಲಾಭದ ಆಸೆಗೆ ಇಂಧನ ಕೂಡಿಡುವುದು, ಅಪಾಯದ ಮಾತು ಬದಿಗಿಟ್ಟರೂ, ಚಿಲ್ಲರೆ ಲಾಭದ ವ್ಯವಹಾರ.

ಇನ್ನು ಅಗತ್ಯಕ್ಕಾಗಿ ಇಟ್ಟುಕೊಳ್ಳುವವರ ವಿಚಾರ. ಬಂಕ್ ದೂರವಿರುವ ಊರುಗಳಲ್ಲಿ ದ್ವಿಚಕ್ರ ವಾಹನಕ್ಕೋ, ಸಣ್ಣ ಜನರೇಟರಿಗೋ ಸ್ವಲ್ಪ ಪೆಟ್ರೋಲ್ ಕೈಯಲ್ಲಿರಬೇಕಾಗುತ್ತದೆ. 1934ರ ಪೆಟ್ರೋಲಿಯಂ ಕಾಯಿದೆ ಇದನ್ನು ನಿಷೇಧಿಸಿಲ್ಲ. ಪೆಟ್ರೋಲ್ ಈ ಕಾಯಿದೆಯಂತೆ 'ಎ' ವರ್ಗಕ್ಕೆ ಸೇರಿದ್ದು. 8ನೇ ಕಲಮಿನ ಪ್ರಕಾರ, ಮಾರಾಟದ ಉದ್ದೇಶವಿಲ್ಲದೆ 30 ಲೀಟರಿನವರೆಗೆ ಪರವಾನಗಿ ಇಲ್ಲದೆಯೇ ಇಟ್ಟುಕೊಳ್ಳಬಹುದು. ಪಾತ್ರೆ ಮಾತ್ರ ಭದ್ರವಾದ ಮುಚ್ಚಳವುಳ್ಳದ್ದಾಗಿರಬೇಕು. ಗಾಜು ಅಥವಾ ಪಿಂಗಾಣಿಯದಾದರೆ 1 ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು. ಕಲಮಿನಲ್ಲಿ ಪ್ಲಾಸ್ಟಿಕ್ಕಿನ ಹೆಸರೇ ಇಲ್ಲ. ನೀರಿನ ಬಾಟಲಿ, ಅಡುಗೆ ಎಣ್ಣೆಯ ಕ್ಯಾನುಗಳಲ್ಲಿ ಪೆಟ್ರೋಲ್ ತುಂಬಿಸಿಡುವ ಅಭ್ಯಾಸಕ್ಕೆ ಕಾನೂನಿನ ಆಸರೆ ಇಲ್ಲವೆಂದೇ ಇದರ ಅರ್ಥ.

ವಾಹನ ಅಥವಾ ಸ್ಥಿರ ಇಂಜಿನ್ ಹೊಂದಿರುವವರಿಗೆ 9ನೇ ಕಲಮು ಇನ್ನಷ್ಟು ಸಡಿಲಿಕೆ ನೀಡಿದೆ. ಟ್ಯಾಂಕಿನಲ್ಲಿರುವ ಇಂಧನವಲ್ಲದೆ 100 ಲೀಟರಿನವರೆಗೆ ಪೆಟ್ರೋಲ್ ಇರಿಸಿಕೊಳ್ಳಬಹುದು. ಹಲವರು ಇಷ್ಟನ್ನು ಓದಿ ನಿಲ್ಲಿಸುತ್ತಾರೆ. ಆದರೆ ಅದೇ ಕಲಮಿನ ಮುಂದಿನ ಸಾಲುಗಳಲ್ಲಿ ಷರತ್ತುಗಳಿವೆ. ವಾಹನದ ನೋಂದಣಿ ಮತ್ತು ಚಾಲನಾ ಪರವಾನಗಿ ಕ್ರಮಬದ್ಧವಾಗಿರಬೇಕು. ಮನೆಯಲ್ಲಿ ನಾಲ್ಕು ವಾಹನಗಳಿದ್ದರೂ ಮಾಲೀಕರೊಬ್ಬರೇ ಆದರೆ ಮಿತಿ 100 ಲೀಟರೇ ಹೊರತು 400 ಅಲ್ಲ. ಸಂಗ್ರಹ 30 ಲೀಟರ್ ದಾಟಿದೊಡನೆ ಅದನ್ನು ಪ್ರತ್ಯೇಕ ಕಟ್ಟಡದಲ್ಲಿ ಇಡಬೇಕು. ಜನರು ವಾಸಿಸುವ, ಕೆಲಸ ಮಾಡುವ ಅಥವಾ ಸೇರುವ ಯಾವ ಕೋಣೆಗೂ ಅದರಿಂದ ಸಂಪರ್ಕವಿರಕೂಡದು. ಅಪಾರ್ಟ್‌ಮೆಂಟ್‌ ನಿವಾಸಿಗಳಿಗೂ, ಕೆಳಗೆ ಅಂಗಡಿ ಮೇಲೆ ಮನೆ ಮಾಡಿಕೊಂಡವರಿಗೂ ಈ ಷರತ್ತು ಪಾಲಿಸುವುದು ಅಸಾಧ್ಯವಾದ್ದರಿಂದ ಅವರ ಮಟ್ಟಿಗೆ 30 ಲೀಟರೇ ಕೊನೆಯ ಗೆರೆ.

ಕಿರಾಣಿ ಅಂಗಡಿಗಳ ಮುಂದೆ ಬಾಟಲಿಗಳಲ್ಲಿ ಪೆಟ್ರೋಲ್ ಮಾರುವ ದೃಶ್ಯ ಹಳ್ಳಿಗಳ ಕಡೆ ಅಪರೂಪವೇನಲ್ಲ. ಮಾರಾಟಕ್ಕೆಂದು ಒಂದೇ ಬಾಟಲಿ ಇಟ್ಟರೂ ಮೇಲಿನ 30 ಲೀಟರಿನ ವಿನಾಯಿತಿ ಅನ್ವಯಿಸುವುದಿಲ್ಲ. ಗ್ರಾಹಕರಿಗೆ ಮಾಡುವ ಉಪಕಾರವೆಂಬ ವಾದ ಇಲ್ಲಿ ನಿಲ್ಲದು.

ಪೆಟ್ರೋಲಿನ ಬಗ್ಗೆ ಕಾಯಿದೆ ಇಷ್ಟೊಂದು ಬಿಗಿಯಾಗಿರಲು ಕಾರಣವುಂಟು. ಅದು ಸೊನ್ನೆ ಡಿಗ್ರಿಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಆದುದರಿಂದ ಅದು ಮೇಲೇರಿ ಹೋಗದೆ ನೆಲದ ಮೇಲೆ ಹರಿದು ಮೂಲೆಗಳಲ್ಲಿ ತುಂಬಿಕೊಳ್ಳುತ್ತದೆ. ಮೆಟ್ಟಿಲ ಕೆಳಗಿಟ್ಟ ಡಬ್ಬದ ಆವಿ ಪಕ್ಕದ ದೇವರ ಕೋಣೆಯ ದೀಪವನ್ನೋ, ಬಚ್ಚಲ ಒಲೆಯನ್ನೋ ಮುಟ್ಟಿದರೆ ಜ್ವಾಲೆ ಅದೇ ದಾರಿಯಲ್ಲಿ ಡಬ್ಬದವರೆಗೆ ಹಿಂದಿರುಗುತ್ತದೆ. ಇನ್ವರ್ಟರ್, ಫ್ರಿಜ್, ವಿದ್ಯುತ್ ಸ್ವಿಚ್ಚುಗಳ ಕಿಡಿಯೂ ಸಾಕು. ಡಬ್ಬವನ್ನು ಮನೆಯ ಹೊರಗೆ, ಬಿಸಿಲು ತಾಗದ, ಗಾಳಿಯಾಡುವ, ಮಕ್ಕಳ ಕೈಗೆಟುಕದ ಬೀಗದ ಜಾಗದಲ್ಲಿಡುವುದೇ ಸರಿ. ಕಂಠದವರೆಗೆ ತುಂಬದೆ, ಬಿಸಿಗೆ ಹಿಗ್ಗಲು ಸ್ವಲ್ಪ ಜಾಗ ಬಿಡಬೇಕು. ಬಂಕಿನಲ್ಲಿ ತುಂಬಿಸುವಾಗ ಡಬ್ಬವನ್ನು ವಾಹನದಿಂದ ಇಳಿಸಿ ನೆಲದ ಮೇಲಿಡದಿದ್ದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಸಂಭವವಿದೆ. ಬೆಂಕಿ ಹತ್ತಿದರೆ ನೀರು ಎರಚಬಾರದು, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ. ಒಣ ಪುಡಿಯ ಅಗ್ನಿಶಾಮಕ ಮತ್ತು ಮರಳಿನ ಬಕೆಟ್ ಹತ್ತಿರವಿರಲಿ.

ಡೀಸೆಲ್ ಅಷ್ಟು ಸುಲಭವಾಗಿ ಹೊತ್ತುವುದಿಲ್ಲ. ಅದು 'ಬಿ' ವರ್ಗದ್ದು. 7ನೇ ಕಲಮಿನಂತೆ ಒಂದೆಡೆ ಒಟ್ಟು 2,500 ಲೀಟರ್ ಮೀರದೆ, ಯಾವುದೇ ಪಾತ್ರೆ 1,000 ಲೀಟರಿಗಿಂತ ದೊಡ್ಡದಾಗಿರದಿದ್ದರೆ ಪರವಾನಗಿ ಬೇಕಿಲ್ಲ. ಜನರೇಟರ್ ನೆಚ್ಚಿದ ಸಣ್ಣ ಕಾರ್ಖಾನೆಗಳಿಗೆ ಇಷ್ಟು ಧಾರಾಳವಾಯಿತು.

ಪರವಾನಗಿ ಬೇಕಿಲ್ಲವೆಂದ ಮಾತ್ರಕ್ಕೆ ವಿಮಾ ಕಂಪನಿಗೆ ತಿಳಿಸಬೇಕಿಲ್ಲವೆಂದು ಭಾವಿಸುವುದು ತಪ್ಪು. 2021ರ ಏಪ್ರಿಲ್ 1ರಿಂದ ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಯುಳ್ಳ ಉದ್ದಿಮೆಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿ ಜಾರಿಯಲ್ಲಿದೆ. ಯಾವ ಪಾಲಿಸಿಯೇ ಇರಲಿ, ಅಪಾಯವನ್ನು ಹೆಚ್ಚಿಸುವ ಸಂಗತಿಗಳನ್ನು ಪ್ರಸ್ತಾವನಾ ಪತ್ರದಲ್ಲಿ ಮುಚ್ಚಿಡುವಂತಿಲ್ಲ. ಬಟ್ಟೆ ಅಂಗಡಿಯೆಂದು ವಿಮೆ ಮಾಡಿಸಿದ ಕಟ್ಟಡದ ಗೋದಾಮಿನಲ್ಲಿ ಪೆಟ್ರೋಲ್ ಕ್ಯಾನುಗಳಿದ್ದವೆಂದು ಸರ್ವೇಯರ್ ವರದಿಯಲ್ಲಿ ಬಂದರೆ, ಪರಿಹಾರ ತಡವಾಗಲು ಅಥವಾ ತಿರಸ್ಕೃತವಾಗಲು ಅದೊಂದೇ ಸಂಗತಿ ಸಾಕಾಗಬಹುದು. ಕ್ಯಾನು ಸುಟ್ಟುಹೋದರೂ ಇಂಧನ ಖರೀದಿಯ ವೋಚರುಗಳು ಲೆಕ್ಕಪತ್ರದಲ್ಲಿ ಉಳಿದಿರುತ್ತವೆ. ಸರ್ವೇಯರ್ ಮೊದಲು ಕೇಳುವುದೂ ಲೆಕ್ಕಪತ್ರಗಳನ್ನೇ. ಆದುದರಿಂದ ಜನರೇಟರಿನ ಡೀಸೆಲ್ ಎಷ್ಟು, ಎಲ್ಲಿಡಲಾಗಿದೆ ಎಂಬುದನ್ನು ಪಾಲಿಸಿ ನವೀಕರಿಸುವಾಗ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದಿಡುವುದು ಲೇಸು.

ಎಥೆನಾಲ್ ಬೆರೆತ ಈಗಿನ ಪೆಟ್ರೋಲ್ ಬಹುಕಾಲ ಇಡಲು ತಕ್ಕದ್ದಲ್ಲವೆಂಬುದನ್ನೂ ಗಮನಿಸಬೇಕು. 2025ರಲ್ಲಿ ಮಿಶ್ರಣದ ಪ್ರಮಾಣ ಶೇ. 20ನ್ನು ಮುಟ್ಟಿತು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಪದೇ ಪದೇ ಮುಚ್ಚಳ ತೆರೆಯುವ ಡಬ್ಬಕ್ಕೆ ಈ ತೊಂದರೆ ಹೆಚ್ಚು. ಡಬ್ಬದ ಮೇಲೆ ಖರೀದಿಯ ದಿನಾಂಕ ಬರೆದಿಟ್ಟು, ಕೆಲವು ವಾರಗಳೊಳಗೆ ವಾಹನದ ಟ್ಯಾಂಕಿಗೆ ಸುರಿದು ಬಳಸಿಬಿಡಬೇಕು. ಕೆಟ್ಟ ಪೆಟ್ರೋಲನ್ನು ಚರಂಡಿಗೆ ಮಾತ್ರ ಚೆಲ್ಲಕೂಡದು, ಅದರ ಆವಿ ಚರಂಡಿಯ ಉದ್ದಕ್ಕೂ ನೆರೆಮನೆಯವರೆಗೆ ಹರಿಯುತ್ತದೆ.