ಜಲಾಂತರ್ಗಾಮಿಯ ಕಿಟಕಿ

ನೀರಿನಲ್ಲಿ 10 ಮೀಟರು ಕೆಳಗಿಳಿದಂತೆಲ್ಲ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ಭಾರದಷ್ಟು ಒತ್ತಡ ಹೆಚ್ಚುತ್ತದೆ. ಸ್ವಂತ ಶ್ರಮದಿಂದ ಪುಟ್ಟ ಜಲಾಂತರ್ಗಾಮಿಯನ್ನು ಕಟ್ಟುವವನೊಬ್ಬನು ಅದಕ್ಕೆ 20 ಸೆಂಟಿಮೀಟರು ವ್ಯಾಸದ ಕಿಟಕಿಯನ್ನು ಇಟ್ಟನೆನ್ನೋಣ. 100 ಮೀಟರು ಆಳದಲ್ಲಿ ಆ ಕಿಟಕಿಯೊಂದರ ಮೇಲೆಯೇ ಮೂರು ಟನ್ನಿಗೂ ಮಿಕ್ಕ ಭಾರ ಬೀಳುತ್ತದೆ.

ಆದರೆ ಅಪಾಯವಿರುವುದು ಕಿಟಕಿಯಲ್ಲಿ ಮಾತ್ರವಲ್ಲ. ಉಕ್ಕಿನ ಒಡಲಿನಲ್ಲಿ ರಂಧ್ರವನ್ನು ಕೊರೆದಾಗ, ತೆಗೆದ ಉಕ್ಕು ಹೊರುತ್ತಿದ್ದ ಭಾರವೆಲ್ಲ ರಂಧ್ರದ ಅಂಚಿಗೆ ಬಂದು ಸೇರುತ್ತದೆ. ಆದುದರಿಂದ ಕಳೆದ ಲೋಹವನ್ನು ಅಂಚಿಗೇ ಮರಳಿ ಕೊಡಬೇಕು. ಅಲ್ಲಿ ದಪ್ಪನಾದ ಉಕ್ಕಿನ ಬಳೆಯನ್ನು ಬೆಸೆಯಬೇಕು. ಮೂಲೆಗಳಲ್ಲಿ ಬಿರುಕು ಬೇಗ ಹುಟ್ಟುವುದರಿಂದ ಕಿಟಕಿಯು ದುಂಡಗಿರುವುದು ಲೇಸು.

ಕಿಟಕಿಯ ಆಕಾರವೂ ಮುಖ್ಯವೇ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಆಗಸ್ಟ್ ಪಿಕಾರ್ ಅವರು ‘ಟ್ರಿಯೆಸ್ಟ್’ ಎಂಬ ತಮ್ಮ ನೌಕೆಗೆ ಮೊನೆ ಕತ್ತರಿಸಿದ ಶಂಕುವಿನಂತಹ ಅಕ್ರಿಲಿಕ್ ಕಿಟಕಿಯನ್ನು ಅಳವಡಿಸಿದರು. ಅದರ ಅಗಲವಾದ ಮುಖ ಹೊರಗೆ, ಕಿರಿದಾದುದು ಒಳಗೆ. ನೀರು ಒತ್ತಿದಷ್ಟೂ ಅದು ತನ್ನ ನೆಲೆಯಲ್ಲಿ ಬಿಗಿಯಾಗಿ ಕೂರುತ್ತದೆ. 1960ರ ಜನವರಿ 23ರಂದು ಅವರ ಮಗ ಜಾಕ್ ಪಿಕಾರ್ ಮತ್ತು ಅಮೆರಿಕದ ನೌಕಾಧಿಕಾರಿ ಡಾನ್ ವಾಲ್ಷ್ ಈ ನೌಕೆಯಲ್ಲಿ ಸುಮಾರು 10,900 ಮೀಟರು ಆಳದ ಮರಿಯಾನಾ ಕಂದಕದ ತಳವನ್ನು ಮುಟ್ಟಿದರು. ಇಳಿಯುವಾಗ ಪ್ರವೇಶಮಾರ್ಗದ ಕಿಟಕಿಯೊಂದು ಬಿರುಕು ಬಿಟ್ಟಿತು. ಅವರು ಕುಳಿತಿದ್ದ ಗೋಳದ ಕಿಟಕಿ ಮಾತ್ರ ಒತ್ತಡವನ್ನು ತಡೆದು ನಿಂತಿತು. ಇಬ್ಬರೂ ಸುರಕ್ಷಿತವಾಗಿ ಮೇಲೆ ಬಂದರು.