ಹನ್ನೊಂದು ತಂತಿಗಳ ಆಟ

1972ನೆಯ ಇಸವಿ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸನಿವೇಲ್ ಎಂಬ ಊರಿನ ಪಾನಗೃಹವೊಂದರಲ್ಲಿ ಹೊಸ ಯಂತ್ರವೊಂದನ್ನು ತಂದಿರಿಸಿದರು. ನಾಣ್ಯ ಹಾಕಿ, ಗುಬುಟು ತಿರುಗಿಸಿ, ತೆರೆಯ ಮೇಲಣ ಬೆಳಕಿನ ಚೆಂಡನ್ನು ಆಚೆಗೂ ಈಚೆಗೂ ಅಟ್ಟುವ ಆಟ ಅದು; ಹೆಸರು ‘ಪಾಂಗ್’. ಕೆಲವು ದಿನಗಳಲ್ಲಿಯೇ ಯಂತ್ರ ಕೆಟ್ಟಿತೆಂದು ದೂರು ಬಂದಿತು. ಅದನ್ನು ನಿರ್ಮಿಸಿದ್ದ ಅಟಾರಿ ಕಂಪೆನಿಯ ಎಂಜಿನಿಯರ್ ಅಲ್ ಆಲ್ಕಾರ್ನ್ ಬಂದು ಬಾಗಿಲು ತೆಗೆದು ನೋಡಿದರೆ, ನಾಣ್ಯದ ಡಬ್ಬಿ ತುಂಬಿ ತುಳುಕಿ, ಮುಂದಿನ ನಾಣ್ಯಕ್ಕೆ ದಾರಿಯೇ ಇರಲಿಲ್ಲ!

ಹೀಗೆ ಆರಂಭವಾದ ಭರಾಟೆ ಲೋಕವನ್ನೇ ಸುತ್ತಿತು. 1978ರಲ್ಲಿ ಜಪಾನಿನ ಟೈಟೊ ಕಂಪೆನಿಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಆಟವನ್ನೂ, 1980ರಲ್ಲಿ ನಾಮ್ಕೊ ಕಂಪೆನಿಯ ತೋರು ಇವಾತಾನಿ ‘ಪ್ಯಾಕ್‌ಮ್ಯಾನ್’ ಆಟವನ್ನೂ ರಚಿಸಿದರು. ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆಗಳ ಮುಂದೆ ಹುಡುಗರು ಸಾಲುಗಟ್ಟಿದರು. ಈ ಆಟದ ಅಂಗಡಿಗಳಿಗೆ ‘ಆರ್ಕೇಡ್’ ಎಂದು ಹೆಸರು. ಮುಂದೆ ಮನೆಯಲ್ಲಿಯೇ ಆಡುವ ಯಂತ್ರಗಳು ಬೆಳೆದಂತೆ ಆರ್ಕೇಡುಗಳು ಸೊರಗಿದುವು. ಎಷ್ಟೋ ಪೆಟ್ಟಿಗೆಗಳು ಗುಜರಿಗೆ ಹೋದುವು.

1997ರ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯ ‘ಮೇಮ್’ ಎಂಬ ತಂತ್ರಾಂಶವನ್ನು ಹೊರತಂದರು. ಹಳೆಯ ಯಂತ್ರಗಳ ಒಡಲನ್ನು ಮನೆಯ ಕಂಪ್ಯೂಟರಿನಲ್ಲಿ ಅನುಕರಿಸುವ ಉಪಾಯ ಇದು. ಆಟವೇನೋ ಉಳಿಯಿತು, ಆದರೆ ಕೈಗೆ ಒದಗುತ್ತಿದ್ದ ಸುಖ? ಮುಷ್ಟಿಯಲ್ಲಿ ಹಿಡಿದು ವಾಲಿಸುವ ಜಾಯ್‌ಸ್ಟಿಕ್ಕು, ಅಂಗೈಯಿಂದ ಬಡಿಯಬಹುದಾದ ಗುಂಡಿ ಇವೆರಡೂ ಕೀಲಿಮಣೆಯಲ್ಲಿಲ್ಲ. ವೀಣೆಯಲ್ಲಿ ಕೇಳಬೇಕಾದ ಕೃತಿಯನ್ನು ಹಾರ್ಮೋನಿಯಮ್ಮಿನಲ್ಲಿ ಕೇಳಿದಂತೆ—ಸ್ವರಗಳೆಲ್ಲ ಇವೆ, ಗಮಕವಿಲ್ಲ. ಈ ಕೊರತೆಯನ್ನು ನೀಗಲು ಹವ್ಯಾಸಿಗಳು ಮನೆಯಲ್ಲಿಯೇ ಪ್ಲೈವುಡ್ ಕೊಯ್ದು ಪೆಟ್ಟಿಗೆ ಕಟ್ಟತೊಡಗಿದರು. ಅವರಿಗೆ ನೆರವಾದುದು ಅಗ್ಗದ ಗೇಮ್‌ಪ್ಯಾಡು.

ರಬ್ಬರಿನ ಕೆಳಗಣ ರಹಸ್ಯ

ಪ್ಯಾಡಿನ ಸ್ಕ್ರೂಗಳನ್ನು ಬಿಚ್ಚಿದರೆ ಒಳಗೆ ಒಂದು ರಬ್ಬರಿನ ಹಾಳೆ, ಅದರ ಅಡಿಯಲ್ಲಿ ಸರ್ಕ್ಯೂಟಿನ ಹಲಗೆ ಕಾಣುತ್ತವೆ. ಪ್ರತಿಯೊಂದು ಗುಂಡಿಯ ಕೆಳಗೂ ಎರಡು ಗೆರೆಗಳು ಬಾಚಣಿಗೆಯ ಹಲ್ಲುಗಳಂತೆ ಹೆಣೆದುಕೊಂಡಿರುತ್ತವೆ. ಆದರೆ ಒಂದನ್ನೊಂದು ಮುಟ್ಟಿರುವುದಿಲ್ಲ. ಗುಂಡಿ ಒತ್ತಿದಾಗ ರಬ್ಬರಿಗೆ ಅಂಟಿದ ಕಪ್ಪು ಬಿಲ್ಲೆ ಇಳಿದು ಅವೆರಡನ್ನೂ ಕೂಡಿಸುತ್ತದೆ. ‘ಇಂಥ ಗುಂಡಿ ಒತ್ತಿದರು’ ಎಂದು ಕಂಪ್ಯೂಟರಿಗೆ ವರದಿ ಮಾಡುವ ಚಿಪ್ಪು ಹಲಗೆಯ ಮೇಲೆ ಸಿದ್ಧವಾಗಿಯೇ ಇದೆ. ಹವ್ಯಾಸಿಯು ಮಾಡಬೇಕಾದುದು ಇಷ್ಟೆ: ಆ ಎರಡು ಗೆರೆಗಳಿಂದ ತಂತಿ ಎಳೆದು, ಪೆಟ್ಟಿಗೆಯ ಮೇಲಣ ದೊಡ್ಡ ಗುಂಡಿಗೆ ಜೋಡಿಸುವುದು.

ದೊಡ್ಡ ಗುಂಡಿಯ ಅಡಿಯಲ್ಲಿ ‘ಟಿಕ್’ ಎನ್ನುವ ಮೈಕ್ರೊಸ್ವಿಚ್ಚು ಇರುತ್ತದೆ. ಸಾಮಾನ್ಯವಾಗಿ ಅದಕ್ಕೆ ಮೂರು ಕಾಲು: ಒಂದು ಎರಡಕ್ಕೂ ಸಮಾನವಾದುದು, ಒಂದು ಒತ್ತಿದಾಗ ಕೂಡುವುದು, ಇನ್ನೊಂದು ಒತ್ತಿದಾಗ ಬಿಡುವುದು. ಮೊದಲಿನೆರಡಕ್ಕೆ ತಂತಿ ಸೇರಬೇಕು. ತಪ್ಪಿ ಮೂರನೆಯದಕ್ಕೆ ಸೇರಿತೋ, ಯಾರೂ ಮುಟ್ಟದಿದ್ದರೂ ತೆರೆಯ ಮೇಲಣ ವೀರ ತಾನಾಗಿ ಗುಂಡು ಹಾರಿಸುತ್ತಿರುತ್ತಾನೆ!

ತಂತಿಯ ಲೆಕ್ಕಾಚಾರ

1991ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ 2’ ಆಟಕ್ಕೆ ಒಬ್ಬ ಆಟಗಾರನಿಗೆ ಆರು ಗುಂಡಿ ಬೇಕು. ಜಾಯ್‌ಸ್ಟಿಕ್ಕಿನ ನಾಲ್ಕು ದಿಕ್ಕಿಗೆ ನಾಲ್ಕು ಸ್ವಿಚ್ಚು. ಒಟ್ಟು ಹತ್ತು ಸ್ವಿಚ್ಚು. ಒಂದೊಂದಕ್ಕೆ ಎರಡರಂತೆ ಇಪ್ಪತ್ತು ತಂತಿ. ಆದರೆ ಅನೇಕ ಪ್ಯಾಡುಗಳಲ್ಲಿ ಎಲ್ಲ ಗುಂಡಿಗಳ ಒಂದು ಬದಿಯ ಗೆರೆಯೂ ಒಂದೇ ಕಡೆ ಸೇರಿರುತ್ತದೆ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಬೇರೆಬೇರೆ ಗುಂಡಿಗಳ ಗೆರೆಗಳಿಗೆ ಮುಟ್ಟಿಸಿದಾಗ ಅದು ಕೂಗಿದರೆ ಇದು ದೃಢಪಟ್ಟಂತೆ. ಆಗ ಒಂದೇ ತಂತಿಯನ್ನು ಹೂಮಾಲೆಯ ದಾರದಂತೆ ಎಲ್ಲ ಸ್ವಿಚ್ಚುಗಳಿಗೂ ಸುತ್ತಿಸಬಹುದು. ಇಪ್ಪತ್ತು ಹೋಗಿ ಹನ್ನೊಂದೇ ತಂತಿ ಹಲಗೆಯಿಂದ ಹೊರಡುತ್ತದೆ. ಕೆಲವು ಪ್ಯಾಡುಗಳಲ್ಲಿ ಈ ಅನುಕೂಲವಿಲ್ಲ; ಅಂಥವನ್ನು ಬಲ್ಲವರು ದೂರವಿಡುತ್ತಾರೆ.

ಬೆಸುಗೆಯಲ್ಲಿ ತಾಳ್ಮೆ ಬೇಕು. ಗೆರೆಗಳ ಮೇಲೆ ಕಪ್ಪು ಇಂಗಾಲದ ಲೇಪವಿದ್ದರೆ ಬೆಸುಗೆ ಹಿಡಿಯದು. ಹೊಳೆಯುವ ತಾಮ್ರ ಕಾಣುವವರೆಗೆ ನಯವಾಗಿ ಹೆರೆಯಬೇಕು. ಕೈ ಬಿರುಸಾದರೆ ಅಥವಾ ಕಾಸಿದ ಕಡ್ಡಿ ಹೆಚ್ಚು ಹೊತ್ತು ನಿಂತರೆ ತಾಮ್ರವೇ ಎದ್ದುಬರುತ್ತದೆ. ತಂತಿ ಜಗ್ಗಿದರೂ ಅದೇ ಗತಿ. ಆದಕಾರಣ ಬೆಸೆದಲ್ಲೆಲ್ಲ ಒಂದೊಂದು ತೊಟ್ಟು ಬಿಸಿ ಅಂಟು ಬಿಡುವುದು ವಾಡಿಕೆ.

ಆಟಕ್ಕೆ ತಕ್ಕ ಜಾಯ್‌ಸ್ಟಿಕ್ಕೂ ಬೇಕು. ಪ್ಯಾಕ್‌ಮ್ಯಾನ್ ಓಡುವುದು ನಾಲ್ಕೇ ದಿಕ್ಕಿಗೆ. ಎಂಟು ದಿಕ್ಕಿಗೆ ವಾಲುವ ಹಿಡಿಯಾದರೆ, ಮೂಲೆಗೆ ಸರಿದಾಗ ಎರಡು ಸ್ವಿಚ್ಚು ಒಮ್ಮೆಗೇ ಕೂಡಿ, ತಿರುವು ತಪ್ಪಿ, ಭೂತದ ಬಾಯಿಗೆ ಬೀಳುವುದುಂಟು.

ಬೆರಳು ಸಾಗದವರಿಗೆ

ಇಷ್ಟೆಲ್ಲ ಶ್ರಮ ಬರಿಯ ಹಳೆಯ ನೆನಪಿನ ಚಪಲಕ್ಕೆಂದು ತಳ್ಳಿಹಾಕುವಂತಿಲ್ಲ. ಇದೇ ತತ್ತ್ವ, ಪ್ಯಾಡನ್ನು ಹಿಡಿಯಲಾರದವರಿಗೂ ಆಟದ ಬಾಗಿಲು ತೆರೆದಿದೆ. 1989ರಲ್ಲಿ ನಿಂಟೆಂಡೊ ಕಂಪೆನಿ ಎದೆಯ ಮೇಲೆ ಧರಿಸುವ ಒಂದು ಸಾಧನವನ್ನು ಹೊರತಂದಿತು. ದಿಕ್ಕು ಬದಲಿಸಲು ಗದ್ದದಿಂದ ಅಲುಗಿಸುವ ಕಡ್ಡಿ. ಗುಂಡಿಗಳಿಗೆ ಬದಲು ಒಂದು ನಳಿಗೆ—ಊದಿದರೆ ಒಂದು ಕೆಲಸ, ಹೀರಿದರೆ ಇನ್ನೊಂದು. 2018ರಲ್ಲಿ ಮೈಕ್ರೊಸಾಫ್ಟ್ ಮಾರಾಟಕ್ಕೆ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರಿನ ಹಿಂಬದಿಯಲ್ಲಿ 3.5 ಮಿಲಿಮೀಟರಿನ 19 ರಂಧ್ರಗಳಿವೆ. ಅವರವರ ದೇಹಕ್ಕೆ ಒಗ್ಗುವ ಸ್ವಿಚ್ಚು, ಪೆಡಲುಗಳನ್ನು ಅವಕ್ಕೆ ಸಿಕ್ಕಿಸಬಹುದು.

ಅಗ್ಗದ ಪ್ಯಾಡಿನಿಂದ ಹನ್ನೊಂದು ತಂತಿ ಎಳೆಯಬಲ್ಲ ತಂದೆಗೋ ಅಣ್ಣನಿಗೋ ಈ ವಿದ್ಯೆ ದೂರದ್ದಲ್ಲ. ಮನೆಯ ಮಗುವಿಗೆ ಬೆರಳು ಸಾಗದಿದ್ದರೆ, ಗುಂಡಿಯನ್ನು ಮೊಣಕೈಗೆ ಎಟುಕುವಲ್ಲಿಯೋ ಪಾದದ ಅಡಿಯಲ್ಲಿಯೋ ಇರಿಸಿದರಾಯಿತು. ಹಲಗೆಯ ಮೇಲಣ ಚಿಪ್ಪು ಎರಡು ತಂತಿ ಕೂಡಿದುವೆ ಎಂಬುದನ್ನು ಮಾತ್ರ ನೋಡುತ್ತದೆ. ಕೂಡಿಸಿದುದು ಬೆರಳೋ ಪಾದವೋ ಎಂದು ವಿಚಾರಿಸುವುದಿಲ್ಲ.