ಸಲಾಯಿನ್ ನಳಿಕೆಗಳು ಹಾಗೂ ಆಸ್ಪತ್ರೆಯ ಬಿಲ್ಲು: ಭಕ್ತಾದಿಗಳ ಅವಗಾಹನೆಗೆ

ಚಿಕಿತ್ಸೆಗೆ ನೆರವು ಕೋರಿ ಶ್ರೀಮಠದ ಕಾರ್ಯಾಲಯಕ್ಕೆ ಬರುವ ಭಕ್ತರ ಬಿಲ್ಲುಗಳಲ್ಲಿ ‘ಐ.ವಿ. ಸೆಟ್’, ‘ತ್ರೀ ವೇ’, ‘ಎಕ್ಸ್‌ಟೆನ್ಷನ್ ಲೈನ್’ ಎಂಬ ಹೆಸರುಗಳು ಪುಟಪುಟದಲ್ಲಿಯೂ ಮರುಕಳಿಸುತ್ತವೆ. ಸಲಾಯಿನ್ ಹಚ್ಚುವ ನಳಿಕೆಗೆ ಇಷ್ಟೊಂದು ಹಣವೇ ಎಂದು ಅವರು ಕೇಳುವುದು ಸಹಜ. ಕೆಲವು ನಳಿಕೆಗಳಿಗೆ ಹೆಚ್ಚು ಬೆಲೆ ತೆರುವುದು ಅನಿವಾರ್ಯ. ಕೆಲವುಗಳ ವಿಷಯದಲ್ಲಿ ಪ್ರಶ್ನಿಸುವುದೇ ಯೋಗ್ಯ. ಈ ವ್ಯತ್ಯಾಸ ಅರಿಯದೆ ವಾರ್ಡಿನಲ್ಲಿ ವಾದಕ್ಕಿಳಿದರೆ ಹಾನಿ ರೋಗಿಗೇ.

ಸಾಮಾನ್ಯ ಸೆಟ್ಟಿನಲ್ಲಿ ಸುಮಾರು 20 ಹನಿಗಳು ಸೇರಿ ಒಂದು ಮಿಲಿಲೀಟರ್ ಆಗುತ್ತದೆ. ಮಕ್ಕಳಿಗೆ ಬಳಸುವ ಮೈಕ್ರೋ ಡ್ರಿಪ್ ಸೆಟ್ಟಿನಲ್ಲಿ ಅದೇ ಅಳತೆಗೆ 60 ಹನಿಗಳು ಬೇಕು. ಆದ್ದರಿಂದ ಅಲ್ಪ ಪ್ರಮಾಣವನ್ನೂ ಕರಾರುವಾಕ್ಕಾಗಿ ಕೊಡಬಹುದು. ಬ್ಯೂರೆಟ್ ಸೆಟ್ಟಿನಲ್ಲಿ ಅಳೆದ ದ್ರವ ಮಾತ್ರ ಮೇಲಿನ ಕೊಳವೆಯಲ್ಲಿರುವುದರಿಂದ, ಕಣ್ತಪ್ಪಿದರೂ ಇಡೀ ಬಾಟಲಿಯ ದ್ರವ ಕೂಸಿನ ದೇಹಕ್ಕೆ ಹರಿಯದು. ರಕ್ತ ನೀಡುವ ಸೆಟ್ಟಿನಲ್ಲಿ ಹೆಪ್ಪುಗಳನ್ನು ತಡೆಯುವ ಜಾಲರಿ ಇರುತ್ತದೆ. ಅದರ ಬದಲಿಗೆ ಸಾಮಾನ್ಯ ನಳಿಕೆ ಸಲ್ಲದು.

ಔಷಧಕ್ಕೂ ನಳಿಕೆಗೂ ಇರುವ ಸಂಬಂಧ ಇನ್ನೂ ಸೂಕ್ಷ್ಮವಾದುದು. ಹೃದ್ರೋಗಿಗಳಿಗೆ ನೀಡುವ ನೈಟ್ರೋಗ್ಲಿಸರಿನ್ ಔಷಧವನ್ನು ಸಾಮಾನ್ಯ ಪಿ.ವಿ.ಸಿ. ನಳಿಕೆ ತಾನೇ ಹೀರಿಕೊಳ್ಳುತ್ತದೆ. ವೈದ್ಯರು ಲೆಕ್ಕ ಹಾಕಿದಷ್ಟು ಔಷಧ ರೋಗಿಯನ್ನು ತಲುಪುವುದಿಲ್ಲ. ಕ್ಯಾನ್ಸರಿಗೆ ನೀಡುವ ಪ್ಯಾಕ್ಲಿಟ್ಯಾಕ್ಸೆಲ್‌ನ ವಿಷಯ ಇದಕ್ಕೆ ತಿರುಗುಮುರುಗು: ಅದರ ದ್ರಾವಕವು ಪಿ.ವಿ.ಸಿ.ಯನ್ನು ಮೆದುಗೊಳಿಸಲು ಬೆರೆಸಿದ ರಾಸಾಯನಿಕವನ್ನೇ ಸೆಳೆದುಕೊಂಡು ದೇಹಕ್ಕೆ ಸೇರಿಸುತ್ತದೆ. ಇಂಥಲ್ಲಿ ಪಿ.ವಿ.ಸಿ. ಅಲ್ಲದ ನಳಿಕೆ ಅಗತ್ಯ. ಎರಡನೆಯದಕ್ಕೆ ಸೂಕ್ಷ್ಮ ಫಿಲ್ಟರ್ ಕೂಡ ಬೇಕು. ಇದನ್ನು ‘ಅನವಶ್ಯಕ ದುಬಾರಿ’ ಎಂದು ನಿರಾಕರಿಸಬಾರದು.

ಇನ್ನು ಬೆಲೆಯ ಮಾತು. ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿದ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು 2018ರ ಫೆಬ್ರವರಿಯಲ್ಲಿ ವಿವರಗಳನ್ನು ಪ್ರಕಟಿಸಿತು. ನಳಿಕೆಗಳನ್ನು ಕೂಡಿಸುವ ಪುಟ್ಟ ‘ತ್ರೀ ವೇ’ ಒಂದನ್ನು 5.77 ರೂಪಾಯಿಗೆ ಖರೀದಿಸಿ 106 ರೂಪಾಯಿಗೆ ಮಾರಿದ್ದು ಅದರಲ್ಲಿ ಕಂಡುಬಂದಿತು, ಲಾಭ ಶೇ. 1,737! ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಯನ್ನೇ ಏರಿಸಿಡುವ ಪರಿಪಾಠದತ್ತಲೂ ಪ್ರಾಧಿಕಾರ ಬೊಟ್ಟು ಮಾಡಿತು. ಹಾಗಾಗಿ ಬೆಲೆ ಎಂ.ಆರ್.ಪಿ. ಮೀರಿಲ್ಲ ಎಂದಾಕ್ಷಣ ಅದು ನ್ಯಾಯವಾದುದೆಂದು ಹೇಳಲಾಗದು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿದ್ದು, ತಯಾರಕರು ವರ್ಷದೊಳಗೆ ಶೇ. 10ಕ್ಕಿಂತ ಹೆಚ್ಚು ಎಂ.ಆರ್.ಪಿ. ಏರಿಸುವಂತಿಲ್ಲ. ದೂರು ಸಲ್ಲಿಸಲು ಪ್ರಾಧಿಕಾರದ ‘ಫಾರ್ಮಾ ಜನ ಸಮಾಧಾನ’ ವ್ಯವಸ್ಥೆಯಿದೆ.

ಬೆಲೆಗಿಂತ ಸಂಖ್ಯೆಯನ್ನು ನೋಡುವುದು ಹಲವು ಸಲ ಹೆಚ್ಚು ಫಲಕಾರಿ. ನಿರಂತರವಾಗಿ ಹರಿಯುತ್ತಿರುವ ಸಾಮಾನ್ಯ ಸಲಾಯಿನ್ ಸೆಟ್ಟನ್ನು 96 ಗಂಟೆಗಳಿಗಿಂತ ಮುಂಚೆ ಬದಲಿಸುವ ಅಗತ್ಯವಿಲ್ಲವೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2011ರ ಮಾರ್ಗಸೂಚಿ ಹೇಳುತ್ತದೆ. ರಕ್ತ ಹಾಗೂ ಕೊಬ್ಬಿನ ದ್ರಾವಣಗಳ ಸೆಟ್ಟನ್ನು 24 ಗಂಟೆಯೊಳಗೆ, ಅರಿವಳಿಕೆಯ ಪ್ರೊಪೊಫಾಲ್‌ನದನ್ನು 6ರಿಂದ 12 ಗಂಟೆಗೊಮ್ಮೆ ಬದಲಿಸಲೇಬೇಕು. ಮೂರು ದಿನದ ಬಿಲ್ಲಿನಲ್ಲಿ ಹತ್ತು ಸೆಟ್ಟುಗಳಿದ್ದರೆ ಯಾವ ಔಷಧಕ್ಕೆ ಎಷ್ಟು ಬಳಕೆಯಾಯಿತೆಂದು ವಿನಯದಿಂದಲೇ ಕೇಳಬಹುದು. ಐ.ಸಿ.ಯು.ನಲ್ಲಿ ಹಲವು ಔಷಧಗಳು ಏಕಕಾಲಕ್ಕೆ ಹರಿಯುವುದರಿಂದ ಸಂಖ್ಯೆ ಹೆಚ್ಚಿರುವುದೂ ಉಂಟು. ಒಡೆಯದ ಪೊಟ್ಟಣಗಳನ್ನು ಬಿಡುಗಡೆಗೆ ಮುನ್ನ ಔಷಧಾಲಯಕ್ಕೆ ಮರಳಿಸಿ ಹಣ ಕಳೆಯಿಸಿಕೊಳ್ಳುವುದನ್ನು ಬಹಳ ಜನ ಮರೆಯುತ್ತಾರೆ.

ಆರೋಗ್ಯ ವಿಮೆ ಇರುವವರು ಇನ್ನೊಂದನ್ನು ಗಮನಿಸಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿಗಳ ಪ್ರಕಾರ ಇನ್‌ಫ್ಯೂಷನ್ ಪಂಪಿನ ವೆಚ್ಚ ಚಿಕಿತ್ಸಾ ವೆಚ್ಚದೊಳಗೇ ಸೇರಿರಬೇಕು. ಇಂಜೆಕ್ಷನ್ ಕೊಡುವ ಶುಲ್ಕ ಕೊಠಡಿ ಬಾಡಿಗೆಯೊಳಗೆ. ಇವನ್ನು ಪ್ರತ್ಯೇಕವಾಗಿ ಬರೆದಾಗ ವಿಮಾ ಕಂಪನಿ ಕಡಿತ ಮಾಡಿ, ಆ ಹೊರೆ ರೋಗಿಯ ಮೇಲೆ ಬೀಳಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಪ್ಯಾಕೇಜ್ ದರವಿರುವಾಗ ನಳಿಕೆಗಳನ್ನು ಹೊರಗಿನಿಂದ ತರಲು ಹೇಳಿದರೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಗೆ ತಿಳಿಸತಕ್ಕದ್ದು.

ಶ್ರೀಮಠಕ್ಕೆ ಅರ್ಜಿ ಸಲ್ಲಿಸುವವರು ಒಟ್ಟು ಮೊತ್ತದ ಹಾಳೆಯನ್ನಷ್ಟೇ ತಾರದೆ, ದಿನವಾರು ವಿವರದ ಬಿಲ್ಲು ಹಾಗೂ ಡಿಸ್‌ಚಾರ್ಜ್ ಸಾರಾಂಶಗಳೆರಡನ್ನೂ ಜೊತೆಗೆ ತರಬೇಕಾಗಿ ವಿನಂತಿ.